ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಲಿಮಿಟ್: ಎಷ್ಟು ಹತ್ತಿರ ಹೋದರೆ ಸಾಕು?

(√(ಎಕ್ಸ್ + 9) − 3) ÷ ಎಕ್ಸ್. ಎಕ್ಸ್ ಸೊನ್ನೆಯ ಕಡೆಗೆ ಸಾಗಿದಾಗ ಇದರ ಲಿಮಿಟ್ ಎಷ್ಟು? ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕಂಪನಿಯ ಟಿಐ-84 ಪ್ಲಸ್ ಗ್ರಾಫಿಂಗ್ ಕ್ಯಾಲ್ಕುಲೇಟರಿನಲ್ಲಿ ಎಕ್ಸ್ ಬದಲು 0.001 ಕೊಟ್ಟರೆ 0.16666204 ಬರುತ್ತದೆ. ಇದು 1/6 ಇರಬೇಕು ಅನ್ನಿಸುತ್ತದೆ, ಸರಿಯಾದ ಉತ್ತರವೂ ಅದೇ. ಇನ್ನಷ್ಟು ಖಚಿತ ಮಾಡಿಕೊಳ್ಳೋಣವೆಂದು ದಶಮಾಂಶ ಬಿಂದುವಿನ ನಂತರ 12 ಸೊನ್ನೆ ಹಾಕಿ ಒಂದು 1 ಬರೆದು ಕೊಟ್ಟರೆ ಪರದೆಯ ಮೇಲೆ ಬರುವುದು ಬರೀ 0.

ಕ್ಯಾಲ್ಕುಲೇಟರ್ ಕೆಟ್ಟಿಲ್ಲ, ಗುಂಡಿ ಒತ್ತಿದ್ದರಲ್ಲೂ ತಪ್ಪಿಲ್ಲ. ಲಿಮಿಟ್ ಎನ್ನುವುದು ಒಂದು ಬಿಂದುವಿನ ಹತ್ತಿರ ಫಂಕ್ಷನ್ ಎತ್ತ ಸಾಗುತ್ತಿದೆ ಎಂಬ ಪ್ರಶ್ನೆ. ಟಿಐ-84ಕ್ಕೆ ಆ ಪ್ರಶ್ನೆಯೇ ಗೊತ್ತಿಲ್ಲ. ಅದಕ್ಕೆ ಗೊತ್ತಿರುವುದು ಒಂದೇ ಕೆಲಸ: ಒಂದು ಸಂಖ್ಯೆ ಕೊಟ್ಟರೆ ಫಂಕ್ಷನ್‌ನ ಬೆಲೆಯನ್ನು 14 ಅಂಕೆಗಳವರೆಗೆ ಲೆಕ್ಕಹಾಕಿ, ಅದರಲ್ಲಿ 10 ಅಂಕೆಗಳನ್ನು ತೋರಿಸುವುದು. ಯಾವ ಸಂಖ್ಯೆಗಳನ್ನು ಕೊಡಬೇಕು, ಎಲ್ಲಿ ನಿಲ್ಲಿಸಬೇಕು, ಬಂದ ಸಾಲನ್ನು ಹೇಗೆ ಓದಬೇಕು ಎಂಬುದೆಲ್ಲ ನಮಗೆ ಬಿಟ್ಟದ್ದು.

ನಮ್ಮಲ್ಲಿ ಲಿಮಿಟ್ ಮೊದಲು ಎದುರಾಗುವುದು ಪ್ರಥಮ ಪಿಯುಸಿಯಲ್ಲಿ. ಸಿಇಟಿ, ಜೆಇಇ ಪರೀಕ್ಷೆಗಳಲ್ಲಿ ಕ್ಯಾಲ್ಕುಲೇಟರ್ ಬಿಡುವುದಿಲ್ಲವಾದ್ದರಿಂದ ಇಲ್ಲಿನ ವಿದ್ಯಾರ್ಥಿಗಳಿಗೆ ಈ ವಿದ್ಯೆ ಅಭ್ಯಾಸಕ್ಕೆ, ಉತ್ತರ ತಾಳೆ ನೋಡಿಕೊಳ್ಳುವುದಕ್ಕೆ ಮಾತ್ರ. ಅಮೆರಿಕದ ಹೈಸ್ಕೂಲುಗಳಲ್ಲಿ ಎಪಿ ಕ್ಯಾಲ್ಕುಲಸ್ (ಕಾಲೇಜು ಮಟ್ಟದ ಕ್ಯಾಲ್ಕುಲಸ್ ಕೋರ್ಸ್) ಓದುವ ಮಕ್ಕಳ ಮಾತು ಬೇರೆ. ಅವರ ಪರೀಕ್ಷೆಯ ಒಂದು ಭಾಗಕ್ಕೆ ಗ್ರಾಫಿಂಗ್ ಕ್ಯಾಲ್ಕುಲೇಟರ್ ಇರಲೇಬೇಕು. ಆದರೆ ಆ ಪರೀಕ್ಷೆ ಕ್ಯಾಲ್ಕುಲೇಟರಿನಿಂದ ನಿರೀಕ್ಷಿಸುವುದು ನಾಲ್ಕೇ ಕೆಲಸ: ಗ್ರಾಫ್ ಎಳೆಯುವುದು, ಸಮೀಕರಣದ ಮೂಲ ಹುಡುಕುವುದು, ಒಂದು ಬಿಂದುವಿನಲ್ಲಿ ಡಿರೈವೇಟಿವ್‌ನ ಬೆಲೆ ತೆಗೆಯುವುದು, ನಿಶ್ಚಿತ ಇಂಟಿಗ್ರಲ್‌ನ ಬೆಲೆ ತೆಗೆಯುವುದು. ಲಿಮಿಟ್ ಆ ಪಟ್ಟಿಯಲ್ಲಿ ಇಲ್ಲ.

ಟೇಬಲ್ ಹಾಕುವ ಕ್ರಮ

ಮೊದಲು ಮೋಡ್ ಗುಂಡಿ ಒತ್ತಿ ರೇಡಿಯನ್ ಆಯ್ಕೆಯಾಗಿದೆಯೇ ನೋಡಿ. ಸೈನ್, ಕಾಸ್ ಇರುವ ಲಿಮಿಟ್‌ಗಳಲ್ಲಿ ತಪ್ಪು ಉತ್ತರಕ್ಕೆ ಅತಿ ಸಾಮಾನ್ಯ ಕಾರಣ ಇದೇ. ಸೈನ್(ಎಕ್ಸ್) ÷ ಎಕ್ಸ್ ಸೊನ್ನೆಯ ಹತ್ತಿರ 1 ಆಗಬೇಕಾದ ಕಡೆ 0.0174532925 ಬಂದರೆ ಅದು π/180. ಕ್ಯಾಲ್ಕುಲೇಟರ್ ಡಿಗ್ರಿಯಲ್ಲಿದೆ ಎಂದೇ ಅರ್ಥ. ಈ ಸಂಖ್ಯೆಯ ಮುಖಪರಿಚಯ ಇದ್ದರೆ ಎಷ್ಟೋ ಹೊತ್ತು ಉಳಿಯುತ್ತದೆ.

ಆಮೇಲೆ ವೈ= ಗುಂಡಿ ಒತ್ತಿ ವೈ1 ಸಾಲಿನಲ್ಲಿ ಫಂಕ್ಷನ್ ಬರೆಯಿರಿ. ನಮ್ಮ ಉದಾಹರಣೆಯಲ್ಲಿ ಎಡವಲು ಎರಡು ಜಾಗಗಳಿವೆ. ಪುಸ್ತಕದಲ್ಲಿದ್ದಂತೆ ಬರೆಯುವ ಮ್ಯಾತ್‌ಪ್ರಿಂಟ್ ವಿಧಾನದಲ್ಲಿ ವರ್ಗಮೂಲದ ಚಿಹ್ನೆಯಿಂದ ಹೊರಬರಲು ಬಲಬಾಣದ ಗುಂಡಿ ಒತ್ತಬೇಕು. ಮರೆತರೆ −3 ಕೂಡ ವರ್ಗಮೂಲದೊಳಗೇ ಉಳಿದು, ಎಕ್ಸ್ 0.001 ಇದ್ದಾಗ 2449.69 ಎಂಬ ಬೆಲೆ ಬರುತ್ತದೆ. ಎರಡನೆಯದು ಹೊರಗಿನ ಆವರಣ. ಭಿನ್ನರಾಶಿಯನ್ನು ಒಂದೇ ಸಾಲಿನಲ್ಲಿ ಬರೆಯುವಾಗ ಇಡೀ ಅಂಶವನ್ನು ಆವರಣದಲ್ಲಿ ಇಡದಿದ್ದರೆ 3 ಮಾತ್ರ ಎಕ್ಸ್‌ನಿಂದ ಭಾಗವಾಗಿ −2996.9998 ಬರುತ್ತದೆ. ಲಿಮಿಟ್ ಚಿಕ್ಕ ಸಂಖ್ಯೆ ಇರಬೇಕಾದ ಕಡೆ ಸಾವಿರಗಳು ಕಂಡರೆ ಗಣಿತವನ್ನು ಅನುಮಾನಿಸುವ ಮೊದಲು ಬರೆದ ಸಾಲನ್ನು ಓದಿ.

ಈಗ ಸೆಕೆಂಡ್ ಗುಂಡಿ, ನಂತರ ವಿಂಡೋ ಗುಂಡಿ. ಟೇಬಲ್ ಸೆಟಪ್ ತೆರೆಯುತ್ತದೆ. ಅಲ್ಲಿ ಸ್ವತಂತ್ರ ಚರದ ಸಾಲಿನಲ್ಲಿ 'ಆಟೋ' ಬಿಟ್ಟು 'ಆಸ್ಕ್' ಆರಿಸಿ. ಆಟೋದಲ್ಲಿ ಕ್ಯಾಲ್ಕುಲೇಟರ್ ಸಮಾನ ಅಂತರದ ಬೆಲೆಗಳನ್ನು ತಾನೇ ತುಂಬಿಕೊಳ್ಳುತ್ತದೆ. ಲಿಮಿಟ್‌ಗೆ ಅದು ಉಪಯೋಗವಿಲ್ಲ, ನಮಗೆ ಬೇಕಾದದ್ದು ಹೆಜ್ಜೆಹೆಜ್ಜೆಗೂ ಹತ್ತು ಪಾಲು ಕಿರಿದಾಗುವ ಅಂತರ. ಸೆಕೆಂಡ್, ನಂತರ ಗ್ರಾಫ್ ಗುಂಡಿ ಒತ್ತಿದರೆ ಖಾಲಿ ಟೇಬಲ್ ಬರುತ್ತದೆ. ಅದರಲ್ಲಿ ಎರಡೂ ಕಡೆಯಿಂದ ಬೆಲೆಗಳನ್ನು ಕೊಡಿ:

−0.1 ಕೊಟ್ಟರೆ 0.1671322
−0.01 ಕೊಟ್ಟರೆ 0.1667130
−0.001 ಕೊಟ್ಟರೆ 0.1666713
0.001 ಕೊಟ್ಟರೆ 0.1666620
0.01 ಕೊಟ್ಟರೆ 0.1666204
0.1 ಕೊಟ್ಟರೆ 0.1662063

ಋಣ ಸಂಖ್ಯೆಗೆ ಕಳೆಯುವ ಗುಂಡಿ ಅಲ್ಲ, ಆವರಣದೊಳಗೆ ಮೈನಸ್ ಬರೆದಿರುವ ಗುಂಡಿ. ತೀರ ಸಣ್ಣ ಸಂಖ್ಯೆಗೆ ಸೊನ್ನೆಗಳನ್ನು ಎಣಿಸುತ್ತ ಕೂರಬೇಡಿ, ಸೆಕೆಂಡ್ ಮತ್ತು ಅಲ್ಪವಿರಾಮದ ಗುಂಡಿ ಒತ್ತಿದರೆ ಹತ್ತರ ಘಾತ ಬರೆಯುವ ಚಿಹ್ನೆ ಸಿಗುತ್ತದೆ. ಸೊನ್ನೆಯನ್ನೇ ಕೊಟ್ಟರೆ ಟೇಬಲ್‌ನಲ್ಲಿ 'ಎರರ್' ಎಂದು ಬರುತ್ತದೆ. ಗಾಬರಿ ಬೇಡ: 0 ÷ 0ಕ್ಕೆ ಬೆಲೆ ಇಲ್ಲ ಎಂದಷ್ಟೇ ಅದರ ಅರ್ಥ, ಲಿಮಿಟ್ ಇಲ್ಲ ಎಂದಲ್ಲ.

ಟೇಬಲ್‌ನ ಅಂಕಣ ಕಿರಿದು, ಅದರಲ್ಲಿ ಪೂರ್ತಿ ಅಂಕೆಗಳು ಹಿಡಿಸುವುದಿಲ್ಲ. ಸೈನ್(0.001) ÷ 0.001 ನಿಜಕ್ಕೂ 0.9999998333. ಟೇಬಲ್ ಅದನ್ನು 1 ಎಂದು ತೋರಿಸುತ್ತದೆ. ಆ ಕೋಣೆಯ ಮೇಲೆ ಕರ್ಸರ್ ಇಟ್ಟರೆ ಪರದೆಯ ಕೆಳಭಾಗದಲ್ಲಿ ಉಳಿದ ಅಂಕೆಗಳು ಕಾಣುತ್ತವೆ. ಬೆಲೆ 1 ಆಗಿಬಿಟ್ಟಿದೆಯೋ, 1ರ ಕಡೆಗೆ ಹೋಗುತ್ತಿದೆಯೋ ಎಂಬ ವ್ಯತ್ಯಾಸವೇ ಲಿಮಿಟ್‌ನ ಜೀವಾಳ, ಆದ್ದರಿಂದ ಕೆಳಗಿನ ಸಾಲನ್ನು ನೋಡದೆ ಬಿಡಬೇಡಿ.

ಮೇಲಿನ ಆರು ಬೆಲೆಗಳಲ್ಲಿ ಇನ್ನೂ ಒಂದು ಲಾಭವಿದೆ. ಎಡದ ಬೆಲೆಗಳು 1/6ಕ್ಕಿಂತ ಸ್ವಲ್ಪ ಹೆಚ್ಚು, ಬಲದವು ಹೆಚ್ಚುಕಡಿಮೆ ಅಷ್ಟೇ ಕಡಿಮೆ. 0.001 ಮತ್ತು −0.001ರ ಬೆಲೆಗಳ ಸರಾಸರಿ ತೆಗೆದರೆ 0.1666666670 ಬರುತ್ತದೆ. ಒಂದೊಂದೇ ಬೆಲೆ ಐದನೆಯ ದಶಮಾಂಶ ಸ್ಥಾನದ ಆಸುಪಾಸಿನಲ್ಲೇ ತಪ್ಪುತ್ತಿದ್ದರೆ ಸರಾಸರಿ ಒಂಬತ್ತನೆಯ ಸ್ಥಾನದವರೆಗೆ ಸರಿ. ಬಿಂದುವಿನ ಆಚೀಚೆ ಫಂಕ್ಷನ್ ನಯವಾಗಿ ಸಾಗುತ್ತಿದ್ದರೆ ಒಂದು ಕಡೆಯ ಏರು ಇನ್ನೊಂದು ಕಡೆಯ ಇಳಿವನ್ನು ತಿಂದುಹಾಕುವುದೇ ಇದಕ್ಕೆ ಕಾರಣ. ಇನ್ನೂ ಹತ್ತಿರ ಹೋಗುವ ಬದಲು ಈ ಉಪಾಯ ಮಾಡಿ, ಇದು ಹೆಚ್ಚು ಕ್ಷೇಮ. ಎಡಬಲದ ಬೆಲೆಗಳು ಬೇರೆಬೇರೆ ಕಡೆಗೆ ಹೋಗುತ್ತಿದ್ದರೆ ಮಾತ್ರ ಸರಾಸರಿ ತೆಗೆಯಲೇಬಾರದು.

ಹತ್ತಿರ ಹೋದಷ್ಟೂ ಒಳ್ಳೆಯದಲ್ಲ

ಮೊದಲಲ್ಲಿ ಕಂಡ ಆ ಸೊನ್ನೆ ಎಲ್ಲಿಂದ ಬಂತು? ಎಕ್ಸ್ ಬೆಲೆ 10ರ ಘಾತ −13 ಎಂದುಕೊಳ್ಳಿ. 9ಕ್ಕೆ ಕೂಡಿದರೆ 9.0000000000001, ಇದಕ್ಕೆ ಸರಿಯಾಗಿ 14 ಅಂಕೆ ಬೇಕು, ಹಿಡಿಸುತ್ತದೆ. ಅದರ ವರ್ಗಮೂಲ 3.0000000000000167. ಇದರಲ್ಲಿ 14 ಅಂಕೆ ಇಟ್ಟುಕೊಂಡರೆ ಉಳಿಯುವುದು ಬರೀ 3. ಬೇಕಾಗಿದ್ದ 167 ಎಂಬ ಬಾಲ ಅಲ್ಲೇ ಕತ್ತರಿಸಿಹೋಯಿತು. 3ರಲ್ಲಿ 3 ಕಳೆದರೆ ಸೊನ್ನೆ, ಸೊನ್ನೆಯನ್ನು ಎಷ್ಟರಿಂದ ಭಾಗಿಸಿದರೂ ಸೊನ್ನೆ. ಒಂದು ಹೆಜ್ಜೆ ಹಿಂದೆ, ಅಂದರೆ 10ರ ಘಾತ −12ರಲ್ಲಿ, ಬಾಲದ ಒಂದೇ ಅಂಕೆ ಉಳಿದಿರುತ್ತದೆ: 14 ಅಂಕೆಗೆ ದುಂಡಾಗಿಸಿದರೆ 3.0000000000002, ಉತ್ತರ 0.2.

ಹೆಚ್ಚುಕಡಿಮೆ ಸಮವಾದ ಎರಡು ಸಂಖ್ಯೆಗಳನ್ನು ಕಳೆದಾಗಲೆಲ್ಲ ಇದೇ ಆಗುವುದು. ಮುಂದಿನ ಅಂಕೆಗಳೆಲ್ಲ ಪರಸ್ಪರ ಅಳಿಸಿಹೋಗಿ ಕೊನೆಯ ಒಂದೆರಡು ನಂಬಲಾಗದ ಅಂಕೆಗಳಷ್ಟೇ ಉಳಿಯುತ್ತವೆ. ಆಮೇಲೆ ಸಣ್ಣ ಸಂಖ್ಯೆಯಿಂದ ಭಾಗಿಸಿದಾಗ ಆ ಕಸವೇ ದೊಡ್ಡದಾಗಿ ಕಾಣುತ್ತದೆ. 0 ÷ 0 ರೂಪದ ಲಿಮಿಟ್‌ಗಳಲ್ಲಿ ಇದು ಪದೇಪದೇ ಎದುರಾಗುತ್ತದೆ.

ಹಾಗಾದರೆ ಎಷ್ಟು ಹತ್ತಿರ ಸಾಕು? ಇಲ್ಲಿ ಎರಡು ತಪ್ಪುಗಳು ಜಗ್ಗಾಡುತ್ತವೆ. ದೂರದಲ್ಲಿದ್ದರೆ ಫಂಕ್ಷನ್‌ನ ಬೆಲೆಯೇ ಲಿಮಿಟ್‌ನಿಂದ ದೂರ, ಹತ್ತಿರ ಹೋದರೆ ಅಂಕೆ ಕಳೆದುಕೊಳ್ಳುವ ತಪ್ಪು. (1 − ಕಾಸ್(ಎಕ್ಸ್)) ÷ ಎಕ್ಸ್² ತೆಗೆದುಕೊಳ್ಳಿ. ಲಿಮಿಟ್ 1/2. ದೂರದ ತಪ್ಪು ಸುಮಾರು ಎಕ್ಸ್² ÷ 24. ಅಂಕೆ ಕಳೆಯುವ ತಪ್ಪು ಸುಮಾರು 10ರ ಘಾತ −14 ಭಾಗಿಸು ಎಕ್ಸ್². ಎರಡೂ ಸಮವಾಗುವ ಜಾಗವನ್ನು ಲೆಕ್ಕಹಾಕಿದರೆ ಎಕ್ಸ್ ಸುಮಾರು 0.0007 ಬರುತ್ತದೆ. ಅಂದರೆ ಈ ಫಂಕ್ಷನ್‌ಗೆ 0.001 ಹತ್ತಿರವೇ ಅತ್ಯುತ್ತಮ ನಿಲುಗಡೆ: ಅಲ್ಲಿ 0.49999996 ಸಿಗುತ್ತದೆ. 10ರ ಘಾತ −8ಕ್ಕೆ ಹೋದರೆ ಟಿಐ-84 ಕೂಡ, ಕಂಪ್ಯೂಟರಿನಲ್ಲಿ ನಡೆಯುವ ಡೆಸ್ಮಾಸ್ ಗ್ರಾಫಿಂಗ್ ಕ್ಯಾಲ್ಕುಲೇಟರ್ ಕೂಡ 0 ಎನ್ನುತ್ತವೆ. ನಮ್ಮ ವರ್ಗಮೂಲದ ಉದಾಹರಣೆಯಲ್ಲಿ ಛೇದ ಎಕ್ಸ್ ಮಾತ್ರ, ವರ್ಗವಿಲ್ಲ. ಆದ್ದರಿಂದ ಅಲ್ಲಿ 0.00001ರವರೆಗೂ ಧೈರ್ಯವಾಗಿ ಹೋಗಬಹುದು.

ಪ್ರತಿ ಸಲ ಇಷ್ಟು ಲೆಕ್ಕ ಮಾಡುತ್ತ ಕೂರುವ ಅಗತ್ಯವಿಲ್ಲ. 0.1, 0.01, 0.001, 0.0001 ಎಂದು ನಾಲ್ಕು ಹೆಜ್ಜೆ ಇಡಿ. ಪ್ರತಿ ಹೆಜ್ಜೆಗೂ ಇನ್ನಷ್ಟು ಅಂಕೆಗಳು ಕದಲದೆ ನಿಲ್ಲುತ್ತ ಹೋಗಬೇಕು. ನಿಂತ ಅಂಕೆಗಳು ಮತ್ತೆ ಅಲುಗಾಡತೊಡಗಿದವೋ, ಅಲ್ಲಿಗೆ ನಿಲ್ಲಿಸಿ ಹಿಂದಿನ ಸಾಲನ್ನು ನಂಬಿ.

ಇದಕ್ಕಿಂತ ಗಟ್ಟಿ ಪರಿಹಾರ, ಕಳೆಯುವುದನ್ನೇ ತಪ್ಪಿಸುವುದು. (√(ಎಕ್ಸ್ + 9) − 3) ÷ ಎಕ್ಸ್ ಅನ್ನು ಮೇಲೆ ಕೆಳಗೆ √(ಎಕ್ಸ್ + 9) + 3ರಿಂದ ಗುಣಿಸಿದರೆ 1 ÷ (√(ಎಕ್ಸ್ + 9) + 3) ಆಗುತ್ತದೆ. ಇದನ್ನು ವೈ2 ಸಾಲಿನಲ್ಲಿ ಬರೆದು ಅದೇ ಟೇಬಲ್ ನೋಡಿ. 10ರ ಘಾತ −13 ಕೊಟ್ಟರೂ 0.1666666667 ನಿಂತೇ ಇರುತ್ತದೆ, ಸೊನ್ನೆ ಕೊಟ್ಟರೂ ಅಷ್ಟೇ. 1 − ಕಾಸ್(ಎಕ್ಸ್) ಬದಲು 2 ಸೈನ್²(ಎಕ್ಸ್/2) ಬರೆದರೂ ಹೀಗೆಯೇ ಲೆಕ್ಕ ಸರಿಹೋಗುತ್ತದೆ. ಪಿಯುಸಿ ತರಗತಿಯಲ್ಲಿ ಕೈಯಲ್ಲಿ ಮಾಡಿಸುವ ಈ ಬೀಜಗಣಿತದ ತಿದ್ದುಪಡಿ ಕ್ಯಾಲ್ಕುಲೇಟರಿಗೂ ಅಷ್ಟೇ ಬೇಕು.

ಅನಂತದ ಕಡೆಗೆ ಹೋಗುವಾಗಲೂ ಇದೇ ಹೊಂಡವಿದೆ. (1 + 1/ಎಕ್ಸ್)ರ ಘಾತ ಎಕ್ಸ್ ತೆಗೆದುಕೊಂಡರೆ, ಎಕ್ಸ್ 100 ಇದ್ದಾಗ 2.704813829, 1000ದಲ್ಲಿ 2.716923932, ಹತ್ತು ಲಕ್ಷದಲ್ಲಿ 2.718280469. ನೇಪಿಯರ್ ಸ್ಥಿರಾಂಕ 2.718281828ರ ಕಡೆಗೆ ಚೆನ್ನಾಗಿಯೇ ಹೋಗುತ್ತಿದೆ. ಎಕ್ಸ್ 10ರ ಘಾತ 14 ಆದ ಕೂಡಲೇ ಟಿಐ-84 ಉತ್ತರ 1. 1 + 10ರ ಘಾತ −14 ಬರೆಯಲು 15 ಅಂಕೆ ಬೇಕು, 14ರಲ್ಲಿ ಅದು ಬರೀ 1. ಡೆಸ್ಮಾಸ್ ಇನ್ನೂ ಒಂದೆರಡು ಅಂಕೆ ಹೆಚ್ಚು ಹಿಡಿಯುತ್ತದೆ, ಅದೂ ದ್ವಿಮಾನ ಪದ್ಧತಿಯಲ್ಲಿ. ಹಾಗಾಗಿ ಅದು 10ರ ಘಾತ 15ರಲ್ಲಿ 3.035 ಎಂದು ದಾರಿ ತಪ್ಪಿ, 10ರ ಘಾತ 16ರಲ್ಲಿ 1ಕ್ಕೆ ಬಂದು ನಿಲ್ಲುತ್ತದೆ.

ಟೇಬಲ್ ಹೇಳುವ ಸುಳ್ಳುಗಳು

ಅಂಕೆಗಳೆಲ್ಲ ಸರಿಯಿದ್ದೂ ತೀರ್ಮಾನ ತಪ್ಪಾಗಬಹುದು. ಸೈನ್(π/ಎಕ್ಸ್) ಅನ್ನು ವೈ1ರಲ್ಲಿ ಬರೆದು 0.1, 0.01, 0.001 ಕೊಡಿ. ಮೂರಕ್ಕೂ ಸೊನ್ನೆ, ಅಥವಾ ಸೊನ್ನೆಯೆಂದೇ ಎಣಿಸಬಹುದಾದ ಅತಿ ಸಣ್ಣ ಸಂಖ್ಯೆ. ಲಿಮಿಟ್ 0 ಎಂದು ಬರೆದುಬಿಡುವುದು ಸಹಜ. ಈಗ 0.3, 0.03, 0.003 ಕೊಡಿ. ಮೂರಕ್ಕೂ −0.8660254. ಎರಡು ಟೇಬಲ್, ಎರಡೂ ಕದಲದ ಸಾಲುಗಳು, ಎರಡು ಬೇರೆ ಉತ್ತರ.

ನಿಜವಾಗಿ ಇಲ್ಲಿ ಲಿಮಿಟ್ಟೇ ಇಲ್ಲ. ಸೊನ್ನೆಯ ಹತ್ತಿರ ಈ ಫಂಕ್ಷನ್ −1 ಮತ್ತು 1ರ ನಡುವೆ ಅನಂತ ಸಲ ಏರಿಳಿಯುತ್ತದೆ. 0.1ರ ಸಾಲಿನಲ್ಲಿ π/ಎಕ್ಸ್ ಎಂಬುದು 10π, 100π, 1000π ಆಗಿ ಪ್ರತಿ ಸಲ ಸೈನ್ ಸೊನ್ನೆಯಾಗುವ ಜಾಗದಲ್ಲೇ ಕಾಲಿಟ್ಟಿತು. 0.3ರ ಸಾಲಿನಲ್ಲಿ 600, 6000, 60000 ಡಿಗ್ರಿ. ಪೂರ್ಣ ಸುತ್ತುಗಳನ್ನು ಕಳೆದರೆ ಮೂರೂ 240 ಡಿಗ್ರಿಯೇ. ಹತ್ತರ ಘಾತಗಳನ್ನೇ ಕೊಡುವ ಅಭ್ಯಾಸ ಇಂಥ ಕಡೆ ಮೋಸ ಮಾಡುತ್ತದೆ. ಆದ್ದರಿಂದ ಪ್ರತಿ ಲಿಮಿಟ್‌ಗೂ ಎರಡನೆಯ ಸಾಲೊಂದನ್ನು ಬೇರೆ ಅಂಕೆಗಳಿಂದ ಕೊಟ್ಟು ನೋಡುವುದು ಒಳ್ಳೆಯದು: 0.07, 0.0043, 0.00019, ಹೀಗೆ ಒಂದಕ್ಕೊಂದು ಸಂಬಂಧವಿಲ್ಲದವು.

ಇನ್ನೊಂದು ಸುಳ್ಳು ನಿಧಾನದ್ದು. ಎಲ್‌ಎನ್(ಎಲ್‌ಎನ್(ಎಕ್ಸ್)) ಎಕ್ಸ್ ಬೆಳೆದಂತೆ ಅನಂತಕ್ಕೆ ಹೋಗುತ್ತದೆ (ಎಲ್‌ಎನ್ ಅಂದರೆ ನೈಸರ್ಗಿಕ ಲಾಗರಿದಮ್). 10ರ ಘಾತ 10ರಲ್ಲಿ ಅದರ ಬೆಲೆ 3.14, 10ರ ಘಾತ 50ರಲ್ಲಿ 4.75, 10ರ ಘಾತ 99ರಲ್ಲಿ 5.43. ಟಿಐ-84 ಇದಕ್ಕಿಂತ ಮುಂದೆ ಹೋಗಲಾರದು, 10ರ ಘಾತ 100 ಅದರ ಮಿತಿಯಾಚೆ. ಅದು ಬರೆಯಬಲ್ಲ ಅತಿ ದೊಡ್ಡ ಸಂಖ್ಯೆಯಲ್ಲೂ ಈ ಫಂಕ್ಷನ್ 6 ಮುಟ್ಟುವುದಿಲ್ಲ. ಟೇಬಲ್ ನೋಡಿ ಇದು ಅನಂತಕ್ಕೆ ಹೋಗುತ್ತದೆಂದು ಯಾರೂ ಹೇಳಲಾರರು, ಗಣಿತದಿಂದಲೇ ತಿಳಿಯಬೇಕು.

ಎಕ್ಸ್‌ನ ಪರಿಮಾಣವನ್ನು, ಅಂದರೆ ಋಣ ಚಿಹ್ನೆ ಬಿಟ್ಟ ಬೆಲೆ |ಎಕ್ಸ್| ಅನ್ನು, ಎಕ್ಸ್‌ನಿಂದಲೇ ಭಾಗಿಸಿದರೆ ಎಡದಿಂದ −1, ಬಲದಿಂದ 1. ಒಂದೇ ಕಡೆಯ ಟೇಬಲ್ ಹಾಕಿದವರಿಗೆ ಇದು ಕಾಣುವುದೇ ಇಲ್ಲ. ಇದರ ನೆಂಟನೊಂದು ಡಿರೈವೇಟಿವ್ ತೆಗೆಯುವ 'ಎನ್‌ಡೆರಿವ್' ಆದೇಶದಲ್ಲಿದೆ. ಅದು ಬಿಂದುವಿನ ಆಚೆ 0.001, ಈಚೆ 0.001 ದೂರದ ಬೆಲೆಗಳ ವ್ಯತ್ಯಾಸವನ್ನು 0.002ರಿಂದ ಭಾಗಿಸುತ್ತದೆ. ಸೊನ್ನೆಯಲ್ಲಿ ಎಕ್ಸ್‌ನ ಪರಿಮಾಣಕ್ಕೆ ಡಿರೈವೇಟಿವ್ ಇಲ್ಲ, ಅಲ್ಲಿ ಚೂಪಾದ ಮೂಲೆಯಿದೆ. ಆದರೂ ಎರಡು ಕಡೆಯ ಬೆಲೆ ಸಮವಾದ್ದರಿಂದ ಎನ್‌ಡೆರಿವ್ ನಿರಾತಂಕವಾಗಿ 0 ಎನ್ನುತ್ತದೆ.

ಗ್ರಾಫ್ ನೋಡುವುದು ಹೇಗೆ

(ಎಕ್ಸ್² − 3ಎಕ್ಸ್ + 2) ÷ (ಎಕ್ಸ್ − 2) ಎಂಬುದು 2ರಲ್ಲಿ ಒಂದು ತೂತಿರುವ ಸರಳರೇಖೆ, ಲಿಮಿಟ್ 1. ಝೂಮ್ ಪಟ್ಟಿಯ 6ನೆಯ ಆಯ್ಕೆಯಾದ ಸ್ಟ್ಯಾಂಡರ್ಡ್‌ನಲ್ಲಿ ಎಳೆದರೆ ತೂತು ಕಾಣುವುದಿಲ್ಲ. ಹಳೆಯ ಟಿಐ-84 ಪ್ಲಸ್‌ನ ಗ್ರಾಫ್ ಅಡ್ಡಕ್ಕೆ 95 ಚುಕ್ಕೆ. −10ರಿಂದ 10ರವರೆಗೆ 94 ಅಂತರಗಳಲ್ಲಿ ಹಂಚಿದರೆ ಯಾವ ಚುಕ್ಕೆಯೂ ಸರಿಯಾಗಿ 2ರ ಮೇಲೆ ಬೀಳುವುದಿಲ್ಲ, ಕ್ಯಾಲ್ಕುಲೇಟರ್ ತೂತನ್ನು ದಾಟಿ ಮುಂದೆ ಹೋಗಿರುತ್ತದೆ. 4ನೆಯ ಆಯ್ಕೆಯಾದ ಡೆಸಿಮಲ್ ಆರಿಸಿದರೆ ಚುಕ್ಕೆಗಳ ಅಂತರ ಸರಿಯಾಗಿ 0.1 ಆಗುತ್ತದೆ, ಬಣ್ಣದ ಪರದೆಯ ಸಿಇ ಮಾದರಿಯಲ್ಲಿ 0.05. ಆಗ 2ರ ಮೇಲೆ ಚುಕ್ಕೆ ಬಿದ್ದು ತೂತು ಕಾಣುತ್ತದೆ. ಸಿಇಯಲ್ಲಿ ರೇಖೆ ದಪ್ಪವಾಗಿದ್ದರೆ ಅದು ಮುಚ್ಚಿಹೋಗಬಹುದು, ಸಣ್ಣ ರೇಖೆ ಆರಿಸಿಕೊಳ್ಳಿ. ಟ್ರೇಸ್ ಒತ್ತಿ ಕರ್ಸರನ್ನು 2ಕ್ಕೆ ತಂದರೆ ವೈ ಬೆಲೆ ಖಾಲಿ ಇರುತ್ತದೆ, ಅದೇ ಸಾಕ್ಷಿ.

ವಿಂಡೋ ಗುಂಡಿಯನ್ನು ಇನ್ನೊಂದು ಕೆಲಸಕ್ಕೆ ಬಳಸಬಹುದು, ನನಗೆ ಇಡೀ ಯಂತ್ರದಲ್ಲಿ ಅತ್ಯಂತ ಬೆಲೆಬಾಳುವುದು ಅನ್ನಿಸುವುದೂ ಇದೇ. ಪಠ್ಯಪುಸ್ತಕದ ಎಪ್ಸಿಲಾನ್–ಡೆಲ್ಟಾ ವ್ಯಾಖ್ಯೆ ಬಹಳ ಜನರಿಗೆ ಬರೀ ಗ್ರೀಕ್ ಅಕ್ಷರಗಳಾಗಿ ಉಳಿದುಬಿಡುತ್ತದೆ. ಅದನ್ನು ಪರದೆಯ ಮೇಲೆ ಕಣ್ಣಾರೆ ನೋಡಬಹುದು. ಸೈನ್(ಎಕ್ಸ್) ÷ ಎಕ್ಸ್‌ನ ಲಿಮಿಟ್ 1 ಎನ್ನುತ್ತೀರಿ. ಎಪ್ಸಿಲಾನ್ 0.01, ಅಂದರೆ ಬೆಲೆ 1ರಿಂದ 0.01ಕ್ಕಿಂತ ಹೆಚ್ಚು ಸರಿಯಬಾರದು ಎಂದು ಯಾರೋ ಸವಾಲು ಹಾಕಿದರು ಎನ್ನಿ. ಅದಕ್ಕೆ ಎಕ್ಸ್ ಸೊನ್ನೆಯಿಂದ ಎಷ್ಟು ದೂರದೊಳಗೆ ಇರಬೇಕು ಎಂಬುದೇ ಡೆಲ್ಟಾ. ವಿಂಡೋದಲ್ಲಿ ವೈ ಕನಿಷ್ಠ 0.99, ವೈ ಗರಿಷ್ಠ 1.01 ಬರೆಯಿರಿ. ಎಕ್ಸ್‌ಗೆ −0.3ರಿಂದ 0.3 ಕೊಟ್ಟು ಗ್ರಾಫ್ ಒತ್ತಿ. ರೇಖೆ ಎರಡೂ ತುದಿಯಲ್ಲಿ ಪರದೆಯ ತಳದಿಂದ ಹೊರಗೆ ಬೀಳುತ್ತದೆ. ಡೆಲ್ಟಾ 0.3 ಸಾಲದು. −0.24ರಿಂದ 0.24 ಕೊಡಿ. ಈಗ ರೇಖೆ ಎಡಬಲದ ಅಂಚುಗಳಿಂದಲೇ ಹೊರಗೆ ಹೋಗುತ್ತದೆ, ತಳ ಮುಟ್ಟುವುದಿಲ್ಲ, 0.24ರಲ್ಲಿ ಬೆಲೆ 0.9904. ಡೆಲ್ಟಾ ಸಿಕ್ಕಿತು. ಎಪ್ಸಿಲಾನ್ ಕಿರಿದು ಮಾಡಿ ಮತ್ತೆ ಡೆಲ್ಟಾ ಹುಡುಕಿ. ಪ್ರತಿ ಸವಾಲಿಗೂ ಅಡ್ಡಕ್ಕೆ ಸಾಕಷ್ಟು ಕಿರಿದಾದ ಕಿಟಕಿ ಸಿಕ್ಕೇ ಸಿಗುತ್ತದೆ ಎಂಬುದೇ ಲಿಮಿಟ್. ಇದೇ ಆಟವನ್ನು ಸೈನ್(π/ಎಕ್ಸ್) ಜೊತೆ ಆಡಿದರೆ ಕಿಟಕಿ ಎಷ್ಟು ಕಿರಿದು ಮಾಡಿದರೂ ರೇಖೆ ಮೇಲೆ ಕೆಳಗೆ ಹಾರುತ್ತಲೇ ಇರುತ್ತದೆ.

ಬೇರೆ ಯಂತ್ರಗಳ ವಿಷಯ

ಕ್ಯಾಸಿಯೊ ಎಫ್‌ಎಕ್ಸ್-ಸಿಜಿ50 ಗ್ರಾಫಿಂಗ್ ಮಾದರಿಯಲ್ಲೂ ಟೇಬಲ್ ವಿಧಾನವೇ ದಾರಿ. ಇಂಜಿನಿಯರಿಂಗ್ ವಿದ್ಯಾರ್ಥಿಗಳ ಚೀಲದಲ್ಲಿರುವ ಎಫ್‌ಎಕ್ಸ್-991ಇಎಸ್ ಗ್ರಾಫ್ ಎಳೆಯುವುದಿಲ್ಲ, ಆದರೂ ಲಿಮಿಟ್ ನೋಡಲು ಸಾಕು: ಫಂಕ್ಷನ್ ಬರೆದು ಕ್ಯಾಲ್ಕ್ ಗುಂಡಿ ಒತ್ತಿದರೆ ಎಕ್ಸ್ ಬೆಲೆ ಕೇಳುತ್ತದೆ. ಮತ್ತೆ ಕ್ಯಾಲ್ಕ್ ಒತ್ತಿ ಮುಂದಿನ ಬೆಲೆ ಕೊಡಿ. ಅದು ಒಳಗೆ 15 ಅಂಕೆ ಇಟ್ಟುಕೊಳ್ಳುವುದರಿಂದ ಮೇಲೆ ಹೇಳಿದ ಹೊಂಡಗಳು ಒಂದು ಹೆಜ್ಜೆ ಆಚೆಗೆ ಸರಿಯುತ್ತವೆ, ಇಲ್ಲವಾಗುವುದಿಲ್ಲ.

ಟಿಐ-89, ಟಿಐ-ಎನ್‌ಸ್ಪೈರ್‌ನ ಸಿಎಎಸ್ (ಚಿಹ್ನೆಗಳಲ್ಲೇ ಬೀಜಗಣಿತ ಮಾಡುವ) ಮಾದರಿಗಳು, ಎಚ್‌ಪಿ ಪ್ರೈಮ್ ಇವು ಬೇರೆಯೇ ಜಾತಿ. ಇವಕ್ಕೆ ಬೀಜಗಣಿತ ಗೊತ್ತು, ನಿಜವಾದ 'ಲಿಮಿಟ್' ಆದೇಶವಿದೆ. ಟಿಐ-89ರಲ್ಲಿ ಫಂಕ್ಷನ್, ಚರ, ಬಿಂದು ಇಷ್ಟನ್ನು ಅಲ್ಪವಿರಾಮ ಹಾಕಿ ಕೊಟ್ಟರೆ ನಮ್ಮ ಮೊದಲ ಉದಾಹರಣೆಗೆ ನೇರವಾಗಿ 1/6 ಎಂದೇ ಬರುತ್ತದೆ. ನಾಲ್ಕನೆಯದಾಗಿ 1 ಕೊಟ್ಟರೆ ಬಲದ ಲಿಮಿಟ್, −1 ಕೊಟ್ಟರೆ ಎಡದ್ದು. ಎಕ್ಸ್‌ನ ಪರಿಮಾಣ ÷ ಎಕ್ಸ್‌ಗೆ ನಾಲ್ಕನೆಯದನ್ನು ಬಿಟ್ಟರೆ ಬೆಲೆ ನಿರ್ಧಾರವಿಲ್ಲ ಎಂಬ 'ಅನ್‌ಡೆಫ್' ಬರುತ್ತದೆ. ಉಚಿತವಾಗಿ ಸಿಗುವ ಜಿಯೋಜಿಬ್ರಾದಲ್ಲೂ ಲಿಮಿಟ್, ಲಿಮಿಟ್‌ಅಬೌ, ಲಿಮಿಟ್‌ಬಿಲೋ ಎಂಬ ಮೂರು ಆದೇಶಗಳಿವೆ. ಕೊನೆಯ ಎರಡು ಬಲ ಮತ್ತು ಎಡದ ಲಿಮಿಟ್‌ಗೆ.

ಟಿಐ-84ರಲ್ಲಿ 0.1666666670 ಕಂಡು ಅದನ್ನು 1/6 ಎಂದು ಬರೆಯುವುದು ಇನ್ನೂ ಊಹೆಯೇ. ಮ್ಯಾತ್ ಗುಂಡಿಯ ಮೊದಲ ಆಯ್ಕೆಯಾದ ಫ್ರ್ಯಾಕ್ ಈ ಸಂಖ್ಯೆಯನ್ನು 1/6 ಮಾಡಿಕೊಡುವುದಿಲ್ಲ, ಏಕೆಂದರೆ ಅದು 1/6 ಅಲ್ಲ, ಅದರ ಹತ್ತಿರದ ಇನ್ನೊಂದು ಸಂಖ್ಯೆ. ಉತ್ತರಪತ್ರಿಕೆಯಲ್ಲಿ ಬೀಜಗಣಿತದ ಸಾಲುಗಳನ್ನು ಬರೆಯಿರಿ. ಕೊನೆಯ ಸಾಲಿನ 1/6 ಅನ್ನು 1 ÷ 6 ಎಂದು ಒತ್ತಿ, ಟೇಬಲ್‌ನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಐದಾರು ಅಂಕೆ ಕೂಡಿಬರದಿದ್ದರೆ ಸಾಮಾನ್ಯವಾಗಿ ತಪ್ಪಿರುವುದು ಎಲ್ಲೋ ನಡುವಿನ ಒಂದು ಚಿಹ್ನೆ ಅಥವಾ ಒಂದು ಆವರಣ.